ಆ ಕೋಣೆಯಲ್ಲಿ ಯಾರು ಮಲಗಿದ್ದರು

ನನ್ನ ಮೂಗಿನಿಂದ ತೆಗೆದ ಎರಡು ಹನಿ ನೀರು ನಾನು ಕಂಡಿರದ ಯಾವುದೋ ಊರಿನಲ್ಲಿ, ಮಂಜಿನಂಥ ಚಳಿಯ ಪೆಟ್ಟಿಗೆಯೊಳಗೆ ಇದೆಯಂತೆ. ಇನ್ನೂ ಎಷ್ಟೋ ವರ್ಷ ಇರುತ್ತದಂತೆ. ಅದರ ಮೇಲೆ ನನ್ನ ಹೆಸರಿಲ್ಲ, ಬರೀ ಒಂದು ನಂಬರ್ ಇದೆ. ತೆಗೆದುಕೊಂಡು ಹೋದವರ ಮೇಲೆ ಸಿಟ್ಟಿದೆಯೇ ಎಂದು ಕೇಳಿದರೆ, ಇದೆ. ಇಲ್ಲ ಎಂದು ಹೇಳಿ ದೊಡ್ಡ ಮನಸ್ಸಿನವಳು ಎನಿಸಿಕೊಳ್ಳುವ ಆಸೆ ನನಗಿಲ್ಲ. ನಮ್ಮೂರ ದೇವಿಯ ಮೇಲೆ ಇಲ್ಲ. ನನ್ನ ಮೇಲೆ ಎಷ್ಟಿದೆ ಎನ್ನುವುದನ್ನು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ನಮ್ಮದು ಅಂಕೋಲೆ ತಾಲೂಕಿನ ಭಾವಿಕೇರಿ. ನಮ್ಮ ಮನೆಯವರು ಲೈನ್‌ಮನ್. ಮನೆಯಲ್ಲಿ ಅವರು, ನಾನು, ಕಾಲೇಜಿಗೆ ಹೋಗುವ ಮಗಳು, ಮತ್ತೆ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿತ್ತು. ದಮ್ಮಿನ ಕಾಯಿಲೆ ಜೋರು, ಬಾಯಿ ಅದಕ್ಕಿಂತ ಜೋರು. ನಾನು ಮದುವೆಯಾಗಿ ಬಂದ ಮೊದಲ ವಾರ ಹುಳಿ ಹೆಚ್ಚಾದ ಮೀನು ಸಾರು ಮಾಡಿದ್ದೆ. ಅದನ್ನು ಇಪ್ಪತ್ತೆರಡು ವರ್ಷ ಬಿಡದೆ ನೆಂಟರೆದುರು ಹೇಳಿದವರು ಅವರು. ಹೇಳುತ್ತಲೇ ನನ್ನ ಬಟ್ಟಲಿಗೆ ಮೀನಿನ ನಡುತುಂಡು ಹಾಕುತ್ತಿದ್ದರು. ಅತ್ತೆ ಎಂದರೆ ಅಷ್ಟೇ.

ಆ ಮಳೆಗಾಲದಲ್ಲಿ ಒಂದು ರವಿವಾರ ನನಗೆ ಜ್ವರ ಬಂತು. ಮೈಯೆಲ್ಲ ಒನಕೆಯಿಂದ ಕುಟ್ಟಿದ ಹಾಗೆ ನೋವು, ಕೆಮ್ಮಿದರೆ ಪಕ್ಕೆ ಹಿಡಿದುಕೊಳ್ಳಬೇಕು. ಸೋಮವಾರ ಮಗಳನ್ನು ಅವಳ ಸೋದರಮಾವನ ಮನೆಗೆ ಕಳಿಸಿದೆ. ಪರೀಕ್ಷೆ ಹತ್ತಿರವಿತ್ತು, ಅವಳಿಗೆ ಹತ್ತಬಾರದು ಎಂದು. ಮಂಗಳವಾರ ಮನೆಯವರು ಬೈಕಿನ ಹಿಂದೆ ಕೂರಿಸಿಕೊಂಡು ಅಂಕೋಲೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಒದ್ದೆ ಕೊಡೆಗಳ ಸಾಲು, ಕೆಮ್ಮುವವರ ಸಾಲು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ತನ್ನ ಸೆರಗಿನ ಒಣ ತುದಿ ಹಿಡಿದು, ನನಗೆ ಮುಖ ಒರೆಸಿಕೊಳ್ಳಲಿಕ್ಕೆ ಕೊಟ್ಟಳು. ಯಾರು ಎಂದು ಗೊತ್ತಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ.

ಡಾಕ್ಟರರು ನೋಡಿದರು, ಮಾತ್ರೆ ಬರೆದರು, ಉಸಿರಾಡಲಿಕ್ಕೆ ತ್ರಾಸಾದರೆ ಒಂದು ಗಳಿಗೆಯೂ ಕಾಯಬೇಡಿ, ಬಂದುಬಿಡಿ ಎಂದರು. ಇದನ್ನು ಅವರು ಸ್ಪಷ್ಟವಾಗಿ ಹೇಳಿದ್ದರು. ಅವರ ಮೇಲೆ ತಪ್ಪು ಹೊರಿಸಿದರೆ ನನ್ನ ನಾಲಿಗೆ ಬಿದ್ದುಹೋದೀತು.

ಹೊರಗೆ ಬಂದಾಗ ಒಂದು ಹುಡುಗಿ ಸಿಕ್ಕಳು. ಬಿಳಿ ಕೋಟು, ಕೈಯಲ್ಲಿ ಸ್ಲೇಟಿನಂಥ ಫೋನು. ಹೆಸರು ದೀಪಾ. ಒಂದು ಸಂಶೋಧನೆಯವರ ಕಡೆಯಿಂದ ಬಂದಿದ್ದೇನೆ, ಹೊಸ ಹೊಸ ಜ್ವರದ ವೈರಾಣು ಯಾವುದು ಬರುತ್ತಿದೆ ಎಂದು ಹುಡುಕುತ್ತೇವೆ, ನಿಮ್ಮ ಮೂಗಿನಿಂದಲೂ ಗಂಟಲಿನಿಂದಲೂ ಸ್ಯಾಂಪಲ್ ಕೊಡುತ್ತೀರಾ ಅಕ್ಕ ಎಂದಳು. ಎರಡು ಪುಟದ ಕಾಗದ ಓದಿ ಹೇಳಿದಳು. ಅದರಲ್ಲಿ, ಇದು ನಿಮ್ಮ ಚಿಕಿತ್ಸೆಗಾಗಿ ಅಲ್ಲ ಎಂಬ ಸಾಲು ಇತ್ತು. ಇತ್ತು ಎಂದು ಈಗ ಗೊತ್ತು, ಕಾಗದ ನನ್ನ ಹತ್ತಿರವೇ ಇದೆ. ಅವತ್ತು ನೂರಾ ಮೂರು ಜ್ವರದಲ್ಲಿ ಕುಳಿತವಳ ಕಿವಿಗೆ ಬಿದ್ದದ್ದು ಒಂದೇ ಮಾತು: ನಾವು ನಿಮಗೆ ಫೋನ್ ಮಾಡುತ್ತೇವೆ.

ಮೂಗಿನೊಳಗೆ ಕಡ್ಡಿ ಹಾಕಿದಾಗ ಕಣ್ಣಲ್ಲಿ ನೀರು ಬಂತು. ದೀಪಾ ಸಾರಿ ಅಕ್ಕ, ಸಾರಿ ಅಕ್ಕ ಎನ್ನುತ್ತಿದ್ದಳು. ಒಳ್ಳೆಯ ಹುಡುಗಿ. ಅದನ್ನೂ ಬರೆಯಬೇಕು.

ಮನೆಗೆ ಬಂದು ಹೇಳಿದಾಗ ಅತ್ತೆ ಬಾಗಿಲಲ್ಲೇ ಕುಳಿತಿದ್ದರು. "ಎಂತದೇ ಅದು, ಮೂಗಿನ ಗೊಣ್ಣೆ ತಕಂಡು ಪರಊರಿಗೆ ಕಳಿಸೂದು? ಅಲ್ಲಿದ್ದವ್ರಿಗೆ ಅವ್ರದ್ದೇ ಸಾಕಷ್ಟು ಇಲ್ವನೋ" ಎಂದರು. ನಮ್ಮ ಮನೆಯವರಿಗೆ ನಗು ಬಂತು. ಆಮೇಲೆ ಅವರು ಹೇಳಿದ ಮಾತು ನಮ್ಮೆಲ್ಲರಿಗೂ ಸರಿ ಎನಿಸಿತು: ಇಷ್ಟು ದೊಡ್ಡ ಪರೀಕ್ಷೆಗೆ ಕಳಿಸಿದ್ದಾರೆ, ಏನಾದರೂ ಇದ್ದರೆ ಅವರೇ ಫೋನ್ ಮಾಡುತ್ತಾರಲ್ಲ, ಬರದಿದ್ದರೆ ಏನೂ ಇಲ್ಲ ಎಂದೇ ಲೆಕ್ಕ.

ನೀವು ನಗಬಹುದು. ಆದರೆ ಕೊರೋನಾದಲ್ಲಿ ನಮ್ಮೂರಲ್ಲಿ ಆದದ್ದು ಹಾಗೆಯೇ. ಕಡ್ಡಿ ಹಾಕಿಸಿಕೊಂಡು ಬಂದವರು ಫೋನಿನ ಮುಂದೆ ಕೂರುತ್ತಿದ್ದರು. ಇದೆ ಎಂದಾದರೆ ಫೋನ್, ಹಿಂದೆಯೇ ಅಂಬುಲೆನ್ಸ್, ಬಾಗಿಲಿಗೆ ಚೀಟಿ. ಫೋನ್ ಬರಲಿಲ್ಲ ಎಂದರೆ ಮೂರನೆಯ ದಿನ ಸ್ನಾನ ಮಾಡಿ, ತುಳಸಿಗೆ ದೀಪ ಇಟ್ಟು, ಹೊರಗೆ ತಿರುಗಾಡುತ್ತಿದ್ದರು. ನಾವು ಕಲಿತ ಪಾಠ ಅದೇ. ಬೇರೆ ಕಾಯಿಲೆಗೂ ಅದನ್ನೇ ಹಚ್ಚಿದೆವು.

ಬುಧವಾರ ಫೋನ್ ಬರಲಿಲ್ಲ. ಗುರುವಾರ ಬೆಳಿಗ್ಗೆ ಜ್ವರ ಒಂದಿಷ್ಟು ಇಳಿಯಿತು, ಕೆಮ್ಮು ಏರಿತು. ಅತ್ತೆಗೆ ಒಳಗಿಂದೊಳಗೆ ಚಿಂತೆ. ಕೊಡೆ ಹಿಡಿದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ದಮ್ಮು ತೆಗೆದುಕೊಳ್ಳುತ್ತ, ಊರ ದೇವಿಯ ಗುಡಿಗೆ ಹೋಗಿ ಪ್ರಸಾದ ಕೇಳಿಸಿಕೊಂಡು ಬಂದರು. ನಮ್ಮ ಕಡೆ ಹೀಗೆ: ಮನಸ್ಸಿನ ಪ್ರಶ್ನೆ ಗುನಗರಿಗೆ, ಅಂದರೆ ನಮ್ಮ ಗುಡಿಯಲ್ಲಿ ಪೂಜೆ ಮಾಡುವವರಿಗೆ, ಹೇಳಬೇಕು. ಅವರು ದೇವಿಯ ಎರಡೂ ಬದಿಗೆ ಹೂವಿನ ಎಸಳನ್ನು ನೀರಲ್ಲಿ ಅದ್ದಿ ಅಂಟಿಸುತ್ತಾರೆ. ಬಲದ ಎಸಳು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಅತ್ತೆ ಕೇಳಿದ್ದು, ನನ್ನ ಸೊಸೆಗೆ ಜೀವಭಯ ಇಲ್ಲವಷ್ಟೇ ಎಂದು. ಬಲದ ಎಸಳು ತಡಮಾಡದೆ ಬಿತ್ತಂತೆ. ಆ ಎಸಳನ್ನು ವೀಳ್ಯದೆಲೆಯಲ್ಲಿ ಕಟ್ಟಿ ತಂದು ನನ್ನ ಮುಡಿಗೆ ಸಿಕ್ಕಿಸಿದರು. ಅವರ ಮುಖ ಅರಳಿತ್ತು.

ಅದಾದ ಮೇಲೆ ಆಸ್ಪತ್ರೆಯ ಮಾತೇ ಯಾರೂ ಎತ್ತಲಿಲ್ಲ. ಫೋನಿಲ್ಲ, ದೇವಿಯೂ ಹೌದೆಂದಿದ್ದಾಳೆ.

ಈಗ ಕೆಲವರು ನನ್ನನ್ನು ಕೇಳುತ್ತಾರೆ, ಇನ್ನೂ ಆ ಗುಡಿಗೆ ಹೋಗುತ್ತೀಯಾ ಎಂದು. ಹೋಗುತ್ತೇನೆ. ದೇವಿ ಸುಳ್ಳು ಹೇಳಲಿಲ್ಲ. ನಾನು ಬದುಕಿದ್ದೇನೆ. ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟಳು. ಕೇಳಿದವರ ಜೀವದ ಬಗ್ಗೆ ಕೇಳಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಅಡುಗೆಮನೆಯಿಂದ ಹಿತ್ತಿಲ ಬಾಗಿಲಿನವರೆಗೆ ನಡೆದವಳಿಗೆ ಉಸಿರು ಸಿಗಲಿಲ್ಲ. ಬಾಯಿ ತೆರೆದರೆ ಗಾಳಿ ಹೊರಗೇ ನಿಂತ ಹಾಗೆ. ತುಟಿ ನೀಲಿಯಾಗಿತ್ತಂತೆ. ಮನೆಯವರು ಕೆಲಸದಿಂದ ಓಡಿ ಬಂದರು. ಪಕ್ಕದ ಮನೆಯವರ ಕಾರಿನಲ್ಲಿ ನನ್ನನ್ನು ಮಲಗಿಸಿ ನೆಟ್ಟಗೆ ಕಾರವಾರಕ್ಕೆ ಹೊರಟರು. ಅತ್ತೆ ಕಾರಿನ ಕಿಟಕಿಯೊಳಗೆ ಕೈ ಹಾಕಿ ನನ್ನ ಹಣೆಗೆ ಕುಂಕುಮ ಇಟ್ಟು, "ಹೋಗಿ ಬಾ. ಬರೂವಾಗ ಕಾರವಾರದ ಬಜಾರದಾಗೆ ನಂಗೆ ಒಂದು ಚಲೋ ಕವಳದ ಪೆಟ್ಟಿಗೆ ತಾ" ಎಂದರು. ಜೀವ ಹೋಗುತ್ತಿರುವ ಸೊಸೆಗೆ ಎಲೆಯಡಿಕೆ ಪೆಟ್ಟಿಗೆಯ ಬೇಡಿಕೆ. ಹೆದರಬಾರದು ಎಂದು ಹೇಳುವುದು ಅವರಿಗೆ ಬರುತ್ತಿದ್ದದ್ದೇ ಹಾಗೆ. ನಾನು ಅವರನ್ನು ಕಂಡದ್ದು ಅದೇ ಕೊನೆ.

ಆಸ್ಪತ್ರೆಯಲ್ಲಿ ಎರಡೂ ಪುಪ್ಪುಸಕ್ಕೆ ನ್ಯುಮೋನಿಯಾ ಇಳಿದಿದೆ ಎಂದರು. ಮುಖಕ್ಕೆ ಬಿಗಿಯಾದ ಮಾಸ್ಕು, ಅದರೊಳಗೆ ಗಾಳಿ ಭೋರೆಂದು ಬರುತ್ತದೆ. ಮಾತಾಡಲಿಕ್ಕಿಲ್ಲ, ನೀರು ಬೇಕೆಂದರೆ ಕೈಸನ್ನೆ. ಮನಸ್ಸಿನಲ್ಲಿ ದೇವಿಯ ಹೆಸರು ಹೇಳೋಣವೆಂದರೆ ಆ ಗಾಳಿಯ ಸದ್ದಿಗೆ ಎಣಿಕೆ ತಪ್ಪುತ್ತಿತ್ತು. ಅಲ್ಲಿನ ಡಾಕ್ಟರರು, ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಂಗಸು, ಮನೆಯವರನ್ನು ಕರೆದು, ಇದು ಇನ್‌ಫ್ಲುಯೆಂಜಾ ಇರಬೇಕು, ಮೊದಲ ಎರಡು ದಿನದೊಳಗೆ ಇದರ ಮಾತ್ರೆ ಸುರುಮಾಡಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ, ಯಾಕೆ ಕಾದಿರಿ ಎಂದು ಕೇಳಿದರಂತೆ. ಫೋನಿಗೆ ಕಾದೆವು ಎಂದು ಹೇಳಲಿಕ್ಕೆ ಅವರಿಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ವಯಸ್ಸಾದವರು ಯಾರಾದರೂ ಇದ್ದಾರೋ ಎಂದೂ ಕೇಳಿದರಂತೆ. ಅಷ್ಟರಲ್ಲಿ ಅತ್ತೆಗೆ ಜ್ವರ ಬಂದು ಒಂದು ದಿನವಾಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಮಗ ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದಾನೆ, ಅವನಿಗೆ ನನ್ನದೊಂದು ಯಾಕೆ ಎಂದು ಕಷಾಯ ಕುಡಿದುಕೊಂಡು ಇದ್ದರು.

ನಾಲ್ಕು ದಿನದ ಮೇಲೆ ನನಗೆ ಆ ಬಿಗಿ ಮಾಸ್ಕು ತೆಗೆದರು. ಅದಾದ ಮೇಲೆ ಎರಡು ದಿನ ಮನೆಯವರು ಬರಲಿಲ್ಲ, ಅವರ ಗೆಳೆಯರೊಬ್ಬರು ಗಂಜಿ ತಂದರು. ಬಿರುಗಾಳಿಗೆ ಕಂಬ ಬಿದ್ದಿವೆ, ಅವರಿಗೆ ರಜೆ ಇಲ್ಲ ಎಂದರು. ನಾನು ನಂಬಿದೆ. ಮೂರನೆಯ ದಿನ ಮನೆಯವರು ಬಂದರು. ಕಂಬ ಹತ್ತುವಾಗ ಹಾಕುವ ಹಳದಿ ಹೆಲ್ಮೆಟ್ಟನ್ನು ಹಾಕಿಕೊಂಡೇ ವಾರ್ಡಿನೊಳಗೆ ಬಂದರು. ನರ್ಸ್ ನಕ್ಕು, ಇಲ್ಲಿ ತಲೆ ಮೇಲೆ ಮಾಡು ಬೀಳುವುದಿಲ್ಲ, ತೆಗೆಯಿರಿ ಎಂದಳು. ಅವರು ತೆಗೆಯಲಿಲ್ಲ. ನನ್ನ ಮಂಚದ ಹತ್ತಿರ ಬಂದು ಕುಳಿತರು, ಆಗಲೂ ತೆಗೆಯಲಿಲ್ಲ. ಹೆಲ್ಮೆಟ್ಟಿನ ಅಂಚಿನ ಕೆಳಗೆ, ಕಿವಿಯ ಹಿಂದೆ ನೋಡಿದೆ. ಕೂದಲಿರಲಿಲ್ಲ.

"ಯಾವಾಗ" ಎಂದೆ.

"ನಿನ್ನೆ, ಶುಕ್ರವಾರ" ಎಂದರು.

ನನಗೆ ಮೊದಲ ಸಲ ಒಂದು ಲೋಟ ನೀರನ್ನು ಸ್ವತಃ ಹಿಡಿದು ಕುಡಿಯಲಿಕ್ಕೆ ಆದ ದಿನ ಅದು. ದೇವಿಗೆ ಕೈಮುಗಿದು ಕುಡಿದಿದ್ದೆ.

ಪಕ್ಕದ ಮಂಚದಲ್ಲಿ ದೇವಬಾಗದ ಕಡೆಯ ಒಬ್ಬ ಮೀನುಗಾರರ ಹೆಂಗಸು ಇದ್ದಳು. ಕೊಂಕಣಿ ಮಾತಿನವಳು, ಕನ್ನಡ ಅಷ್ಟಕ್ಕಷ್ಟೆ. ಸೂತಕ ಬಂದವಳು ಸ್ನಾನವಿಲ್ಲದೆ ಮಲಗಿದ್ದೇನೆ ಎಂದು ನಾನು ಅಳುವುದು ಅವಳಿಗೆ ಹೇಗೋ ತಿಳಿಯಿತು. ತನಗೇ ಸಲಾಯಿನ್ ಹಚ್ಚಿದ್ದರೂ, ಒಂದು ಚೊಂಬು ಬಿಸಿನೀರು ತರಿಸಿ, ನನ್ನನ್ನು ಮಂಚದ ಅಂಚಿಗೆ ಕೂರಿಸಿ ಎರಡೂ ಕಾಲಿಗೆ ಹೊಯ್ದಳು. ತಲೆಗೆ ನಾಲ್ಕು ಹನಿ ಚಿಮುಕಿಸಿದಳು. ಜಾತಿ ಕೇಳಲಿಲ್ಲ, ಸತ್ತವರು ಯಾರೆಂದೂ ಕೇಳಲಿಲ್ಲ. ನೆಲ ಒದ್ದೆಯಾಯಿತೆಂದು ಆಯಾಳ ಹತ್ತಿರ ಬೈಸಿಕೊಂಡದ್ದು ಅವಳೇ. ಆ ಒಂದು ಚೊಂಬು ನೀರಿನ ಋಣ ಯಾವ ಜನ್ಮದಲ್ಲಿ ತೀರಿಸುವುದೋ.

ಮಂಗಳವಾರ ಮನೆಗೆ ಬಂದೆ. ಬಾಗಿಲಲ್ಲಿ ಅತ್ತೆ ಕೂರುವ ಜಾಗ ಖಾಲಿ. ನಾದಿನಿ ಲಲಿತಾ ಹಟ್ಟಿಕೇರಿಯಿಂದ ಬಂದು ಉಳಿದಿದ್ದಳು. ಅವಳು ಅತ್ತೆಯ ಒಬ್ಬಳೇ ಮಗಳು. ನನ್ನನ್ನು ನೋಡಿ ಒಳಗೆ ಹೋದಳು. ಸಂಜೆ ನೆರೆಮನೆಯವಳ ಜೊತೆ ಮಾತಾಡುತ್ತ, ನನಗೆ ಕೇಳುವ ಹಾಗೆಯೇ, "ಜ್ವರ ತಂದವ್ರು ಎದ್ದು ಕೂತ್ರು. ತಕಂಡವ್ಳು ಹೋದ್ಲು" ಎಂದಳು. ಅದೇ ಮಾತನ್ನು ನಾನು ಕಾರವಾರದಿಂದ ಬರುವಾಗ ದಾರಿಯುದ್ದಕ್ಕೂ ನನಗೇ ಹೇಳಿಕೊಂಡು ಬಂದಿದ್ದೆ.

ಅವತ್ತೇ ಸಂಜೆ ಫೋನ್ ಬಂತು.

ದೀಪಾ. ಅಕ್ಕ, ಇವತ್ತಿಗೆ ಹದಿನಾಲ್ಕು ದಿನವಾಯಿತು, ಫೋನ್ ಮಾಡುತ್ತೇನೆ ಎಂದಿದ್ದೆನಲ್ಲ, ಕೆಲವು ಪ್ರಶ್ನೆ ಕೇಳಬೇಕು ಎಂದಳು. ಅವಳು ಮಾಡುತ್ತೇನೆ ಎಂದ ಫೋನ್ ಇದು. ನಾವು ಐದು ದಿನ ಕಾದು ಕುಳಿತದ್ದು ಈ ಫೋನಿಗೆ. ಅವಳಿಗೆ ನಮ್ಮ ಮನೆಯಲ್ಲಿ ಆದದ್ದು ಏನೂ ಗೊತ್ತಿಲ್ಲ. ಅವಳ ಮುಂದೆ ಇದ್ದದ್ದು ನಂಬರ್, ಪ್ರಶ್ನೆಗಳ ಪಟ್ಟಿ. ಜ್ವರ ಎಷ್ಟು ದಿನ ಇತ್ತು, ಆಸ್ಪತ್ರೆಯಲ್ಲಿ ಇದ್ದಿರಾ, ಮನೆಯಲ್ಲಿ ಬೇರೆಯವರಿಗೆ ಜ್ವರ ಬಂತಾ. ಬಂತು ಎಂದೆ. ಅವರು ಗುಣವಾದರಾ ಎಂದಳು. ನಾನು ಹೇಳಿದೆ. ಅಳುವ ದನಿಯಲ್ಲಿ ಸಾರಿ ಅಕ್ಕ ಎಂದಳು, ಇನ್ನೊಂದೇ ಪ್ರಶ್ನೆ ಇದೆ ಎಂದಳು. ಜ್ವರ ಇದ್ದಾಗ ನಿಮ್ಮ ಕೋಣೆಯಲ್ಲಿ ನಿಮ್ಮ ಜೊತೆ ಬೇರೆ ಯಾರಾದರೂ ಮಲಗುತ್ತಿದ್ದರಾ?

ಲಲಿತಾ ಎದುರಿಗೇ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದಳು. ಅವಳ ಕೈ ನಿಂತಿತು.

"ಇಲ್ಲ" ಎಂದೆ. "ನಾನು ಒಬ್ಬಳೇ."

ಅದು ಸುಳ್ಳು. ಗುರುವಾರವೂ ಶುಕ್ರವಾರವೂ ಅತ್ತೆ ನನ್ನ ಮಗ್ಗುಲಲ್ಲೇ ಚಾಪೆ ಹಾಕಿಕೊಂಡು ಮಲಗಿದ್ದರು. ಮನೆಯವರು ಮಳೆಗೆ ಬಿದ್ದ ಲೈನು ಎತ್ತಲಿಕ್ಕೆ ಹೋದವರು ಅಲ್ಲೇ ಉಳಿಯುತ್ತಿದ್ದರು. ಅತ್ತೆ ತಾವಾಗಿ ಬಂದು ಮಲಗಿದರು, ಸೊಸೆಯ ಮೇಲೆ ಅಷ್ಟು ಮಾಯೆ ಎಂದು ಊರವರು ಈಗಲೂ ಹೇಳುತ್ತಾರೆ. ಅವರು ತಾವಾಗಿ ಬಂದದ್ದಲ್ಲ. ನಾನು ಕರೆದೆ. ಕೆಮ್ಮಿ ಕೆಮ್ಮಿ ಹೆದರಿಕೆಯಾಗಿ, ದೀಪ ಹಚ್ಚುವ ಹೊತ್ತಿಗೆ ಸಣ್ಣ ಮಕ್ಕಳ ಹಾಗೆ, ಅತ್ತೆ ಇಲ್ಲೇ ಇರಿ, ನಂಗೆ ಒಬ್ಬಳಿಗೇ ಆಗುವುದಿಲ್ಲ ಎಂದು ಸೆರಗು ಹಿಡಿದೆ. ಮಗಳನ್ನು ದೂರ ಕಳಿಸುವಷ್ಟು ಬುದ್ಧಿ ನನಗಿತ್ತು. ದಮ್ಮಿನ ಮುದುಕಿಯನ್ನು ದೂರ ಇಡುವಷ್ಟು ಇರಲಿಲ್ಲ. ಅಥವಾ ಇತ್ತು, ಆ ಹೊತ್ತಿಗೆ ಅದು ಬೇಡವಾಗಿತ್ತು. ಇದನ್ನು ಬರೆಯಲಿಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ಒಂದು ತಿಂಗಳ ಮೇಲೆ, ಅತ್ತೆಯ ಮೊದಲ ಮಾಸಿಕದ ಮಾರನೆಯ ದಿನ, ದೀಪಾ ಮನೆಗೇ ಬಂದಳು. ಈ ಸಲ ರಕ್ತ ತೆಗೆಯಬೇಕಾಗಿತ್ತು, ರೋಗ ಬಂದು ಹೋದ ಮೇಲೆ ಮೈಯಲ್ಲಿ ಏನು ಉಳಿದಿದೆ ಎಂದು ನೋಡಲಿಕ್ಕೆ. ಲಲಿತಾ ಮಾಸಿಕಕ್ಕೆ ಬಂದವಳು ಇನ್ನೂ ಇದ್ದಳು, ಚೀಲ ಕಟ್ಟಿಕೊಂಡು ಹಟ್ಟಿಕೇರಿಯ ಬಸ್ಸಿಗೆ ಕಾಯುತ್ತಿದ್ದಳು. ದೀಪಾ ಒಂದು ಕಾಗದ ಕೊಟ್ಟಳು. ನನಗಿದ್ದದ್ದು ಇನ್‌ಫ್ಲುಯೆಂಜಾವೇ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಅವಳು ಕಾಗದದ ಮೇಲಿನ ತಾರೀಕು ತೋರಿಸಿದಳು. ಶುಕ್ರವಾರ. ನನ್ನ ಉಸಿರು ನಿಲ್ಲುವ ಹಿಂದಿನ ದಿನ. ಅವರ ಮಿಶೀನಿಗೆ ಅವತ್ತೇ ಗೊತ್ತಿತ್ತು. ಆದರೆ ಅಲ್ಲಿ ಹೆಸರಿಲ್ಲ ಅಕ್ಕ, ನಂಬರ್ ಮಾತ್ರ, ತಿಂಗಳಿಗೊಮ್ಮೆ ಎಲ್ಲ ಒಟ್ಟಿಗೆ ನಮಗೆ ಬರುತ್ತದೆ ಎಂದಳು. ಹೇಳುವಾಗ ನೆಲ ನೋಡುತ್ತಿದ್ದಳು. ನಮ್ಮ ಸರ್ ಹತ್ತಿರ ಜಗಳವಾಡಿದ್ದೇನೆ, ಇನ್ನು ಮುಂದೆ ಬೇಗ ತಿಳಿಸಬೇಕೆಂದು ಬರೆದುಕೊಟ್ಟಿದ್ದೇನೆ ಎಂದಳು. ಮಾಡಿದರೆ ಒಳ್ಳೆಯದು. ಅತ್ತೆಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಅವರ ಸಂಶೋಧನೆ ಬೇಡ ಎನ್ನುವವಳಲ್ಲ ನಾನು. ಯಾವ ಜ್ವರ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಹುಡುಕಬೇಕು. ಆದರೆ ಓದುವ ನಿಮಗೆ ಒಂದು ಮಾತು ಹೇಳುತ್ತೇನೆ. ನಿಮ್ಮಿಂದ ಏನಾದರೂ ತೆಗೆದುಕೊಂಡು ಹೋಗುವವರನ್ನು, ಇದರ ಉತ್ತರ ನನಗೆ ಯಾವಾಗ ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಅವರೇನೂ ತಿನ್ನುವುದಿಲ್ಲ. ಅದು ಬರುವವರೆಗೆ ಕಾಯಬೇಡಿ. ದಮ್ಮು ಹತ್ತಿದರೆ ನಡೆಯಿರಿ. ದೇವರಿಗೆ ಕೈಮುಗಿದೇ ಹೊರಡಿ, ಆದರೆ ಹೊರಡಿ.

ದೀಪಾ ನನ್ನ ತೋಳಿಗೆ ಪಟ್ಟಿ ಕಟ್ಟುತ್ತಿದ್ದಳು. ನಾನು ಲಲಿತಾಳ ಕಡೆ ನೋಡದೆ ಹೇಳಿದೆ, "ತಂಗಿ, ಅವತ್ತು ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು. ಕೋಣೆಯಲ್ಲಿ ಅತ್ತೆ ಇದ್ದರು. ಎರಡು ದಿನ. ನಾನೇ ಕರೆದು ಮಲಗಿಸಿಕೊಂಡೆ. ಅದನ್ನು ಸರಿ ಮಾಡಿ ಬರಕೋ."

ದೀಪಾ ಪಟ್ಟಿ ಕಟ್ಟುವುದನ್ನು ಬಿಟ್ಟು ಫೋನು ತೆರೆದು ನೋಡಿದಳು. ಆ ಭಾಗ ಕಳಿಸಿ ಮುಗಿದಿದೆ ಅಕ್ಕ, ಈಗ ಅದು ತೆರೆಯುವುದಿಲ್ಲ, ಕೆಳಗೆ ಒಂದು ಟಿಪ್ಪಣಿ ಬರೆಯಬಹುದು ಅಷ್ಟೇ ಎಂದಳು. ಹಾಗಾದರೆ ನಿನಗೆ ಗೊತ್ತಿದ್ದಷ್ಟು ಹೇಳು, ಅವರಿಗೆ ನನ್ನಿಂದಲೇ ಹತ್ತಿತಾ ಎಂದು ಕೇಳಿದೆ. ಅವರ ಸ್ಯಾಂಪಲ್ ಯಾರೂ ತೆಗೆಯಲಿಲ್ಲ ಅಕ್ಕ, ಇನ್ನು ಅದನ್ನು ಹೇಳಲಿಕ್ಕೆ ಯಾರಿಗೂ ಬರುವುದಿಲ್ಲ ಎಂದಳು.

ಲಲಿತಾ ಏಳುತ್ತಾಳೆ, ಬೈಯುತ್ತಾಳೆ, ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎನ್ನುತ್ತಾಳೆ ಎಂದು ನಾನು ತಯಾರಾಗಿದ್ದೆ. ಅವಳು ಚೀಲದ ಹಿಡಿ ಹಿಡಿದುಕೊಂಡು ಕುಳಿತೇ ಇದ್ದಳು.

"ನಂಗೆ ಗೊತ್ತಿತ್ತು ಅತ್ತಿಗೆ" ಎಂದಳು. "ಶುಕ್ರವಾರ ನಾ ಫೋನ್ ಮಾಡಿದ್ದೆ. ಅವ್ವ, ಅಲ್ಲಿ ಜ್ವರದ ಮನೆಯಾಗೆ ಎಂತ ಮಾಡ್ತೆ, ನಮ್ಮನೆಗೆ ಬಾ, ಗಾಡಿ ಕಳಿಸ್ತೆ ಅಂದೆ. ಮೂರು ಸಲ ಅಂದೆ. ನಿನ್ನತ್ತಿಗೆ ಬಿಡೂದಿಲ್ಲ ಮಾರಾಯ್ತಿ, ಸೆರಗು ಹಿಡಕಂಡವ್ಳೆ, ನಾ ಎಲ್ಲಿಗೂ ಬರೂದಿಲ್ಲ ಅಂದ್ಲು. ನಗಾಡ್ತಾ ಅಂದ್ಲು." ಆಮೇಲೆ, "ನಾ ಕರೆದ್ರೆ ಒಂದು ದಿವ್ಸನೂ ಬಂದು ಉಳಿದವ್ಳಲ್ಲ ಅವ್ಳು" ಎಂದಳು.

ಅದು ಕ್ಷಮೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಇಲ್ಲ. ದೀಪಾ ಮೆಲ್ಲಗೆ ಸೂಜಿ ಚುಚ್ಚಿದಳು. ರಕ್ತ ಸಣ್ಣ ನಳಿಗೆಯೊಳಗೆ ಇಳಿಯತೊಡಗಿತು. ರಸ್ತೆಯಲ್ಲಿ ಹಟ್ಟಿಕೇರಿಯ ಬಸ್ಸು ಹಾರ್ನ್ ಹೊಡೆದು ನಿಂತಿತು, ಸ್ವಲ್ಪ ಕಾದು ಹೊರಟಿತು. ಲಲಿತಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಆದರೆ ಎದ್ದು ಹೋಗಲಿಲ್ಲ.